ಹಂತಿಯ ಪದಗಳೂ ಕಂಪ್ಯೂಟರಿನ ಕಿವಿಯೂ

ಹಂಸಭಾವಿಯ ಸುತ್ತಣ ಹಳ್ಳಿಗಳಲ್ಲಿ ಸುಗ್ಗಿಯ ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ರಾತ್ರಿಯಿಡೀ ಜೋಳದ ತೆನೆ ತುಳಿಸುತ್ತಿದ್ದ ಕಾಲವೊಂದಿತ್ತು. ಎತ್ತುಗಳ ಹಿಂದೆ ಸುತ್ತು ಹಾಕುವವರು ದಣಿವನ್ನೂ ನಿದ್ದೆಯನ್ನೂ ಮರೆಯಲು ಹಾಡುತ್ತಿದ್ದವು ಹಂತಿಯ ಪದಗಳು. ಒಕ್ಕುವ ಯಂತ್ರ ಬಂದಿತು, ಜೋಳದ ಹೊಲಗಳನ್ನು ಮೆಕ್ಕೆಜೋಳ ಆವರಿಸಿತು, ಎತ್ತುಗಳು ಹಟ್ಟಿಯಿಂದ ಮಾಯವಾದವು. ಹಾಡಿಗೆ ಆಧಾರವಾಗಿದ್ದ ಕೆಲಸವೇ ಇಲ್ಲವಾದ ಮೇಲೆ ಹಾಡೂ ನಿಂತಿತು. ಸರ್ವಜ್ಞನ ಹೆಸರಿನೊಡನೆ ಬೆಸೆದುಕೊಂಡಿರುವ ಅಬಲೂರು, ಮಾಸೂರುಗಳ ಈ ಸೀಮೆಯಲ್ಲಿ ತ್ರಿಪದಿಯು ಪುಸ್ತಕದಲ್ಲಿ ಉಳಿದಿದೆ. ಕಣದಲ್ಲಿ ಅದು ಕೇಳಿಸುತ್ತಿದ್ದ ಬಗೆ ಮಾತ್ರ ಕೆಲವು ಹಳೆಯ ಕ್ಯಾಸೆಟ್ಟುಗಳಲ್ಲಿ ಉಳಿದಿದೆ.

ಆ ಕ್ಯಾಸೆಟ್ಟುಗಳ ಆಯುಸ್ಸೂ ಮುಗಿಯುತ್ತ ಬಂದಿದೆ. 1980 ಮತ್ತು 90ರ ದಶಕಗಳಲ್ಲಿ ಮನೆಯ ಟೇಪ್ ರೆಕಾರ್ಡರಿನಲ್ಲಿ ಮುದ್ರಿಸಿದ ಅಜ್ಜನ ಹಂತಿ ಪದ, ಅಜ್ಜಿಯ ಬೀಸುವ ಪದ, ಊರಿನ ಡೊಳ್ಳಿನ ಪದಗಳು ಇಂದು ಕಪಾಟಿನ ಮೂಲೆಯಲ್ಲಿ ಬೂಸು ಹಿಡಿಯುತ್ತಿವೆ. ಹಾನಗಲ್ಲಿನಿಂದ ಪಶ್ಚಿಮಕ್ಕೆ, ಮಳೆ ಹೆಚ್ಚಾದಂತೆಲ್ಲ, ಈ ಬೂಸಿನ ಕಾಟವೂ ಹೆಚ್ಚು. ಎಚ್ಚೆತ್ತ ಮೊಮ್ಮಕ್ಕಳು ಅವುಗಳನ್ನು ಕಂಪ್ಯೂಟರಿಗೆ ಇಳಿಸಲು ಹೊರಟಿರುವುದು ಸಂತೋಷದ ಸಂಗತಿಯೇ ಹೌದು. ಆದರೆ ಇಳಿಸುವ ಕ್ರಮವನ್ನು ನೋಡಿದರೆ ಸಂತೋಷ ಉಳಿಯುವುದಿಲ್ಲ. ಪೇಟೆಯ ಅಂಗಡಿಯಲ್ಲಿ ಟೇಪ್ ರೆಕಾರ್ಡರಿನ ಇಯರ್‌ಫೋನ್ ರಂಧ್ರದಿಂದ ಲ್ಯಾಪ್‌ಟಾಪಿನ ಮೈಕ್ ರಂಧ್ರಕ್ಕೆ ಒಂದು ತಂತಿ ಸಿಕ್ಕಿಸಿ, ಎಂಪಿ3 ಮಾಡಿ, ಪೆನ್‌ಡ್ರೈವಿಗೆ ಹಾಕಿ ಕೊಡಲಾಗುತ್ತದೆ. ಟ್ರ್ಯಾಕ್ಟರಿನಲ್ಲಿ ಕೇಳಲು ಅಷ್ಟು ಸಾಕು. ಕ್ಯಾಸೆಟ್ಟು ಮಾತ್ರ "ಇನ್ನೇಕೆ" ಎಂದು ಕಸಕ್ಕೆ ಹೋಗುತ್ತದೆ. ಅಲ್ಲಿಗೆ ಆ ಧ್ವನಿಯ ಕಥೆ ಮುಗಿಯಿತು.

ದೋಷವೆಲ್ಲಿದೆ? ಮೈಕ್ರೊಫೋನಿನಿಂದ ಬರುವ ವಿದ್ಯುತ್ ಸಂಕೇತ ಕೆಲವೇ ಮಿಲಿವೋಲ್ಟಿನದು. ಟೇಪ್ ಡೆಕ್ಕಿನ ಲೈನ್ ಔಟ್ ಸಂಕೇತ ಸುಮಾರು 0.3 ವೋಲ್ಟಿನಷ್ಟಿರುತ್ತದೆ, ಇಯರ್‌ಫೋನ್ ರಂಧ್ರದ್ದು ಗುಂಡಿ ತಿರುಗಿಸಿದಷ್ಟು ಏರುತ್ತದೆ. ಕ್ಷೀಣ ಸಂಕೇತವನ್ನು ಹಿಗ್ಗಿಸಲೆಂದೇ ಮಾಡಿದ ದಾರಿಗೆ ಬಲವಾದ ಸಂಕೇತವನ್ನು ನುಗ್ಗಿಸಿದರೆ ಎತ್ತರದ ದನಿಯ ತುದಿಗಳು ಕತ್ತರಿಸಿಹೋಗುತ್ತವೆ. ಕತ್ತರಿಸಿದ್ದನ್ನು ಮುಂದೆ ಯಾವ ತಂತ್ರಾಂಶವೂ ಮೊದಲಿನಂತೆ ಕೂಡಿಸಿ ಕೊಡದು. ಸಾಲದ್ದಕ್ಕೆ ಲ್ಯಾಪ್‌ಟಾಪುಗಳ ಆ ಒಂಟಿ ರಂಧ್ರ ಬಹುಪಾಲು ಏಕಮುಖದ್ದು, ಎಡಬಲಗಳ ಭೇದವನ್ನು ಅರಿಯದು. ಕಂಪ್ಯೂಟರಿನ ಒಡಲಲ್ಲಿ ಫ್ಯಾನು, ಡಿಸ್ಕು, ವಿದ್ಯುತ್ ಸರಬರಾಜುಗಳ ಗದ್ದಲವೂ ಇರುತ್ತದೆ. ಅದೇ ಹಲಗೆಯ ಮೇಲಿರುವ ಧ್ವನಿ ಭಾಗಕ್ಕೆ ಅದು ನುಸುಳದೆ ಇರುವುದಿಲ್ಲ. ಧ್ವನಿ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘವಾದ ಐಎಎಸ್‌ಎ ತನ್ನ ಮಾರ್ಗಸೂಚಿಯಲ್ಲಿ ಧ್ವನಿಯನ್ನು ಅಂಕಿಗಳಾಗಿ ಪರಿವರ್ತಿಸುವ ಕೆಲಸವನ್ನು ಕಂಪ್ಯೂಟರಿನ ಹೊರಗಿನ ಸಾಧನಕ್ಕೆ ಒಪ್ಪಿಸಬೇಕೆಂದು ಸಲಹೆ ಮಾಡಿರುವುದು ಇದೇ ಕಾರಣದಿಂದ. ಕನಿಷ್ಠ ಮಟ್ಟವನ್ನೂ ಅದು ಸೂಚಿಸಿದೆ: ಸೆಕೆಂಡಿಗೆ 48,000 ಮಾದರಿಗಳು, ಪ್ರತಿ ಮಾದರಿಗೆ 24 ಬಿಟ್.

ಸೌಂಡ್ ಕಾರ್ಡು ಕೊಳ್ಳುವವರು ಸಾಮಾನ್ಯವಾಗಿ ಮರುಳಾಗುವುದು ಡಬ್ಬದ ಮೇಲಿನ ಸಂಖ್ಯೆಗಳಿಗೆ. ಆರು ಸ್ಪೀಕರಿಗೆ ದನಿ ಕೊಡುವ ಕಾರ್ಡು ಆಟ ಆಡುವವರಿಗೆ ಬೇಕು. ಒಳಕ್ಕೆ ಬರುವ ದನಿಗೆ ಅದರಿಂದ ಏನೂ ಪ್ರಯೋಜನವಿಲ್ಲ. 1998ರಲ್ಲಿ ಬಂದು ಮನೆಮಾತಾದ ಸೌಂಡ್ ಬ್ಲಾಸ್ಟರ್ ಲೈವ್ ಕಾರ್ಡು, ಸಿ.ಡಿ.ಯ 44,100 ಮಾದರಿಗಳನ್ನು ಕೇಳಿದರೂ ಒಳಗೊಳಗೇ 48,000ಕ್ಕೆ ಬದಲಿಸಿಕೊಂಡೇ ಕೆಲಸ ಮಾಡುತ್ತಿತ್ತು. ಹೆಸರು ದೊಡ್ಡದಿದ್ದ ಮಾತ್ರಕ್ಕೆ ಮುದ್ರಣ ಶುದ್ಧವಾಗುವುದಿಲ್ಲ. 192 ಕಿಲೋಹರ್ಟ್ಸ್ ಎಂಬ ಅಂಕಿಯೂ ಅಷ್ಟೇ. ಬಾವಲಿಯ ಕೂಗನ್ನು ಹಿಡಿಯುವವರಿಗೆ ಅದು ಬೇಕಾದೀತು, ಅಜ್ಜಿಯ ಹಾಡಿಗೆ 48 ಸಾಕು. 24 ಬಿಟ್ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. 16 ಬಿಟ್ಟಿನಲ್ಲಿ ಅತಿ ಮೆಲುದನಿಗೂ ಅತಿ ಜೋರಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರ ಸಿಗುತ್ತದೆ. ಕ್ಯಾಸೆಟ್ಟಿನಲ್ಲಿರುವುದು ಅದಕ್ಕಿಂತ ಬಹಳ ಕಡಿಮೆ. ಹಾಗಿದ್ದರೂ 24 ಬಿಟ್ ಏಕೆಂದರೆ, ಅದರಲ್ಲಿ ಮಟ್ಟವನ್ನು ತಗ್ಗಿಸಿಯೇ ಮುದ್ರಿಸಬಹುದು. ಅತಿ ಎತ್ತರದ ದನಿಯೂ ಸೊನ್ನೆಯ ಗುರುತಿಗಿಂತ 10-12 ಡೆಸಿಬೆಲ್ ಕೆಳಗೇ ಉಳಿದರೆ ಹಠಾತ್ತನೆ ಡೊಳ್ಳು ಬಾರಿಸಿದಾಗಲೂ ತುದಿ ಕತ್ತರಿಸುವ ಭಯವಿಲ್ಲ. ಒಂದು ಗಂಟೆಯ ಕ್ಯಾಸೆಟ್ಟು ಈ ಲೆಕ್ಕದಲ್ಲಿ ಒಂದು ಗಿಗಾಬೈಟಿಗಿಂತ ತುಸು ಹೆಚ್ಚು ಜಾಗ ಬೇಡುತ್ತದೆ. ಇಂದಿನ ಡಿಸ್ಕುಗಳಿಗೆ ಅದು ಹೊರೆಯೇ ಅಲ್ಲ.

ಹಾಗಾದರೆ ಹಳ್ಳಿಯ ಯುವಕ ಸಂಘವೋ ಶಾಲೆಯೋ ಕೊಳ್ಳಬೇಕಾದುದು ಯುಎಸ್‌ಬಿ ತಂತಿಯಿಂದ ಜೋಡಿಸುವ, ಎಡಬಲ ಎರಡು ಲೈನ್ ಇನ್ ಇರುವ, 24 ಬಿಟ್ಟಿನ ಒಂದು ಸಾಧಾರಣ ಸಾಧನವನ್ನು. ಐದಾರು ಕ್ವಿಂಟಲ್ ಮೆಕ್ಕೆಜೋಳ ಮಾರಿದ ಹಣದಲ್ಲಿ ಒಳ್ಳೆಯದೇ ದೊರೆಯುತ್ತದೆ. ನಾಲ್ಕು ಹಳ್ಳಿಗಳು ಸೇರಿ ಒಂದನ್ನು ಇಟ್ಟುಕೊಂಡರೂ ಸಾಕು. ಅದಕ್ಕಿಂತ ದುಬಾರಿಯದನ್ನು ಕೊಳ್ಳುವ ಹಣವಿದ್ದರೆ ಟೇಪ್ ಡೆಕ್ಕಿಗೆ ಹಾಕುವುದು ಲೇಸು. ಹೆಡ್ಡಿಗೆ ಅಂಟಿದ ಕಂದು ಪುಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸದೆ, ಅದರ ವಾಲಿಕೆಯನ್ನು ತಿದ್ದುವ ಪುಟ್ಟ ಸ್ಕ್ರೂವನ್ನು ಪ್ರತಿ ಕ್ಯಾಸೆಟ್ಟಿಗೂ ದನಿ ಅತ್ಯಂತ ನಿಚ್ಚಳವಾಗುವವರೆಗೆ ತಿರುಗಿಸದೆ ಮುದ್ರಿಸಿದರೆ ಎಂತಹ ಕಾರ್ಡೂ ಮಂಕು ದನಿಯನ್ನೇ ಹಿಡಿದು ಕೊಡುತ್ತದೆ. ಬೂಸು ಹಿಡಿದ ಸುರುಳಿಯನ್ನಂತೂ ಶುಚಿಗೊಳಿಸದೆ ತಿರುಗಿಸಲೇಬಾರದು. ಹಳ್ಳಿಯ ಮನೆಗಳಲ್ಲಿ ಅರ್ಥಿಂಗ್ ಸರಿಯಿಲ್ಲದೆ ಕೇಳಿಬರುವ 50 ಹರ್ಟ್ಸಿನ ಗುಂಯ್‌ಗುಟ್ಟುವಿಕೆಗೆ ಸುಲಭದ ಉಪಾಯವಿದೆ: ಮುದ್ರಣ ಮುಗಿಯುವವರೆಗೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸುವುದು. ಸಾಧನವನ್ನು ಪರೀಕ್ಷಿಸಲೂ ಖರ್ಚಿಲ್ಲ. ಏನನ್ನೂ ಜೋಡಿಸದೆ ಒಂದು ನಿಮಿಷ ಮೌನವನ್ನು ಮುದ್ರಿಸಿ, ಉಚಿತವಾಗಿ ದೊರೆಯುವ ಆಡಾಸಿಟಿ ತಂತ್ರಾಂಶದಲ್ಲಿ ತೆರೆದು ನೋಡಿದರೆ ಮೌನದಲ್ಲಿ ಎಷ್ಟು ಗದ್ದಲವಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಇನ್ನು ಮುಖ್ಯವಾದ ಮಾತು. ಶುದ್ಧ ಮುದ್ರಣವೆಂದರೆ ಹಿನ್ನೆಲೆಯೇ ಇಲ್ಲದ ಮುದ್ರಣ ಎಂಬ ತಪ್ಪು ತಿಳಿವಳಿಕೆ ವಿದ್ಯಾವಂತರಲ್ಲಿಯೂ ಬೇರೂರಿದೆ. ತಂತ್ರಾಂಶದ ಗುಂಡಿಯೊಂದನ್ನು ಒತ್ತಿ "ಗಲಾಟೆ" ತೆಗೆದು, ಹಾಡನ್ನು ತೊಳೆದಿಟ್ಟಂತೆ ಮಾಡುವ ಚಪಲ ವಿಪರೀತವಾಗಿದೆ. ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದು ಇರುವ ಎತ್ತರದ ಕಂಪನಗಳಲ್ಲಿಯೇ ಜೀರುಂಡೆಯ ದನಿಯೂ, ಎತ್ತಿನ ಗೆಜ್ಜೆಯೂ, ಹಾಡುವವರ ಬಾಯಿಯ "ಸ"ಕಾರ "ಶ"ಕಾರಗಳೂ ಇವೆ. ಒಂದನ್ನು ತೆಗೆಯಹೋದರೆ ಉಳಿದವೂ ಸವೆಯುತ್ತವೆ. ಮೂವತ್ತು ನಲವತ್ತು ವರ್ಷಗಳ ಹಿಂದಿನ ಕಣದ ರಾತ್ರಿಯಲ್ಲಿ ಯಾವ ಹಕ್ಕಿ ಕೂಗುತ್ತಿತ್ತು, ಕೆರೆಯಂಚಿನಲ್ಲಿ ಎಷ್ಟು ಬಗೆಯ ಕಪ್ಪೆಗಳಿದ್ದವು ಎಂಬುದಕ್ಕೆ ಬೇರೆ ದಾಖಲೆ ಎಲ್ಲಿದೆ? ಹಾಡು ಮುದ್ರಿಸಿದವರಿಗೆ ಅದು ಬೇಕಿರಲಿಲ್ಲ. ಅವರಿಗೆ ತಿಳಿಯದೆಯೇ ಅದು ಸುರುಳಿಯ ಮೇಲೆ ಕುಳಿತಿದೆ. ಉತ್ತರ ಕನ್ನಡದ ಕತ್ತಲೆಕಾನಿನ ಹಳ್ಳದಲ್ಲಿ ಕಂಡ ಕುಂಬಾರ ಕಪ್ಪೆಯನ್ನು 2014ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದಾಗ ಸಂಶೋಧಕರು ಅದರ ರೂಪದೊಡನೆ ಕೂಗನ್ನೂ ವಿಶ್ಲೇಷಿಸಿದ್ದರು. ಕೂಗು ವಿಜ್ಞಾನಕ್ಕೆ ಸಾಕ್ಷಿ. ಅಂತಹ ಸಾಕ್ಷಿಯನ್ನು ಕಿವಿಗೆ ಇಂಪಾಗಲೆಂದು ಅಳಿಸುವ ಅಧಿಕಾರ ಯಾರಿಗೂ ಇಲ್ಲ. ಟ್ರ್ಯಾಕ್ಟರಿನಲ್ಲಿ ಕೇಳಲು ಬೇಕಾದರೆ ತೊಳೆದ ಪ್ರತಿಯೊಂದನ್ನು ಬೇರೆಯಾಗಿ ಮಾಡಿಕೊಳ್ಳಲಿ. ಮೂಲ ಮುದ್ರಣ ವೇವ್ ಕಡತವಾಗಿ, ಹಿಡಿದದ್ದು ಹಿಡಿದ ಹಾಗೆ, ಎರಡು ಡಿಸ್ಕುಗಳಲ್ಲಿ ಉಳಿಯಬೇಕು. ಕ್ಯಾಸೆಟ್ಟೂ ಉಳಿಯಬೇಕು.

ಮೊಬೈಲಿನಲ್ಲಿ ಹೊಸದಾಗಿ ಮುದ್ರಿಸುವ ವಿದ್ಯಾರ್ಥಿಗಳಿಗೂ ಈ ಎಚ್ಚರ ಅನ್ವಯಿಸುತ್ತದೆ. ಮೊಬೈಲು ಮಾತಿಗೆಂದು ಮಾಡಿದ್ದು. ತಾನಾಗಿಯೇ ದನಿಯನ್ನು ಏರಿಸಿ ಇಳಿಸಿ, ಹಿನ್ನೆಲೆಯನ್ನು ಒರೆಸಿ ಕೊಡುವುದು ಅದರ ಸ್ವಭಾವ.

ಶಿಗ್ಗಾವಿಯ ಬಳಿಯ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೇ ಇದೆ. ಹಂಸಭಾವಿಯಿಂದ ಅದು ದೂರವೇನಲ್ಲ. ಆದರೆ ಅಲ್ಲಿಗೆ ಪೆನ್‌ಡ್ರೈವಿನ ಎಂಪಿ3 ಒಯ್ದರೆ ಪಡೆದವರು ತಾನೇ ಏನು ಮಾಡಿಯಾರು? ದೀಪಾವಳಿ ಕಳೆದು ಗಾಳಿ ಒಣಗಿದ ದಿನಗಳಲ್ಲಿ ಈ ಕೆಲಸಕ್ಕೆ ಕೂರುವುದು ಒಳ್ಳೆಯದು. ಸುರುಳಿ ತಿರುಗುವಾಗ ಮನೆಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಾಡಿದವರು ಯಾರು, ಕಣ ಯಾರದು, ಅಂದು ಅಲ್ಲಿ ತುಳಿಸುತ್ತಿದ್ದುದು ಯಾವ ಜೋಳ ಎಂದು ಕೇಳಿ ಬರೆದುಕೊಳ್ಳಬೇಕು. ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.