ಒಂದು ವರ್ಷದ ಕೂಸಿಗೆ ಒಂದು ಕೌದಿ

ಮೊನ್ನೆ ದೇವಸಮುದ್ರದ ನಮ್ಮ ನೆಂಟರ ಮನೇಲಿ ಮಗೂಗೆ ಮೊದಲ ಹುಟ್ಟುಹಬ್ಬ. ಹತ್ತಿರದ ಅತ್ತೆಯೊಬ್ರು ಬರ್ಲೇ ಇಲ್ಲ. ಕೇಳಿದ್ರೆ, "ಬರಿಗೈಲಿ ಹೆಂಗಪ್ಪಾ ಬರ್ಲಿ?" ಅಂದ್ರು. ಮನಸ್ಸು ಪಿಚ್ಚೆನ್ನಿಸ್ತು. ಇತ್ತ ಕೂಸು ಬಂದಿದ್ದ ಬ್ಯಾಟರಿ ಕಾರು ಬಿಟ್ಟು ಅದರ ಖಾಲಿ ಡಬ್ಬದ ಜೊತೆ ಆಡ್ತಿತ್ತು!

ಮೊಳಕಾಲ್ಮೂರು ಸೀಮೆ ರೇಷ್ಮೆ ಸೀರೆಗೆ ಹೆಸರುವಾಸಿ, ನಿಜ. ಆದ್ರೆ ಕೂಸಿನ ಮೈಗೆ ಹಿತ ಅಂದ್ರೆ ಅಜ್ಜಿಯ ಹಳೇ ನೂಲಿನ ಸೀರೆ. ಒಗೆದು ಒಗೆದು ಮೆತ್ತಗಾದ ಅದನ್ನ ನಾಲ್ಕು ಪದರ ಮಡಚಿ, ಸಾಲಾಗಿ ದಾರ ಓಡಿಸಿದ್ರೆ ಪುಟ್ಟ ಕೌದಿ. ಉಳಿದ ಚೂರಲ್ಲಿ ಒಂದು ಕುಲಾವಿ, ಇಲ್ಲಾ ಹತ್ತಿ ತುಂಬಿದ ಗೊಂಬೆ. ಗೊಂಬೆ ಕಣ್ಣಿಗೆ ಗುಂಡಿ, ಮಣಿ ಮಾತ್ರ ಬೇಡ... ಕಿತ್ತು ಬಾಯಿಗೆ ಹಾಕ್ಕೊಂಡ್ರೆ ಗಂಟಲಿಗೆ ಸಿಕ್ಕತ್ತೆ. ಕಣ್ಣು, ಮೂಗು ದಾರದಲ್ಲೇ ಹೊಲೀರಿ. ಖರ್ಚು ಸೂಜಿ ದಾರದ್ದಷ್ಟೇ.

ಇದನ್ನ ಶುರು ಮಾಡಬೇಕಾದವರು ಮಾತ್ರ ಕೈಯಲ್ಲಿ ಕಾಸಿರೋ ನಾವು. ನಾವೇ ಕೌದಿ ಒಯ್ದ್ರೆ, ಇಲ್ಲದವರೂ ಸಂಕೋಚ ಇಲ್ದೆ ಬರ್ತಾರೆ. ಅತ್ತೆ ತೊಡೆ ಮೇಲೆ ಕೂಸು ಕೂರದೇ ಹೋದ್ರೆ ಅದೆಂಥ ಹುಟ್ಟುಹಬ್ಬ? ನೀವೇನಂತೀರಿ?