26 ಅಲ್ಲ, 18!

ಪ್ರಥಮ ಪಿಯುಸಿ ಭೌತಶಾಸ್ತ್ರದ 'ಕೆಲಸ, ಶಕ್ತಿ ಮತ್ತು ಸಾಮರ್ಥ್ಯ' ಅಧ್ಯಾಯದಲ್ಲಿ ನ್ಯೂಟ್ರಾನಿನ ವೇಗ ತಗ್ಗಿಸುವ ಬಗ್ಗೆ ಒಂದು ಉದಾಹರಣೆ ಇದೆ. "ಪರೀಕ್ಷೆಗೆ ಬರಲ್ಲ" ಎಂದು ನಮ್ಮಲ್ಲಿ ಹೆಚ್ಚಿನವರು ಪುಟ ತಿರುಗಿಸುತ್ತೇವೆ. ನಾನೂ ತಿರುಗಿಸಿದ್ದೆ. ಅದು ದೊಡ್ಡ ನಷ್ಟ ಎಂದು ಈಗ ಅನಿಸುತ್ತಿದೆ.

ಯುರೇನಿಯಂ-235 ಒಡೆದಾಗ ಹೊರಬರುವ ನ್ಯೂಟ್ರಾನಿನ ಶಕ್ತಿ ಸುಮಾರು 20 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಅದು ಮತ್ತೊಂದು ಯುರೇನಿಯಂ-235 ಪರಮಾಣುವನ್ನು ಸುಲಭವಾಗಿ ಒಡೆಯಲು 0.025ರಷ್ಟಕ್ಕೆ ಇಳಿಯಬೇಕು. ಅಂದರೆ 8 ಕೋಟಿಯಲ್ಲಿ ಒಂದು ಪಾಲು! ಹೈಡ್ರೋಜನ್ನಿಗೆ ಡಿಕ್ಕಿ ಹೊಡೆದರೆ ಸರಾಸರಿ ಅರ್ಧ ಶಕ್ತಿ ಹೋಗುತ್ತದೆ. ಹಾಗಾದರೆ ಎಷ್ಟು ಡಿಕ್ಕಿ ಬೇಕು? 2ರಿಂದ ಭಾಗಿಸುತ್ತ ಹೋದೆ, 26 ಬಂತು. ಹೆಮ್ಮೆಯಿಂದ ಸರ್‌ಗೆ ತೋರಿಸಿದೆ. "18 ಬರಬೇಕಲ್ಲಪ್ಪಾ?" ಎಂದರು.

ನಾನು ಎಡವಿದ್ದು ಸರಾಸರಿಯಲ್ಲಿ. ಕೆಲವು ಡಿಕ್ಕಿಗಳಲ್ಲಿ ಶಕ್ತಿ ಸ್ವಲ್ಪವೇ ಹೋಗುತ್ತದೆ, ಕೆಲವದರಲ್ಲಿ ಬಹುಪಾಲು. ಒಂದೇ ಡಿಕ್ಕಿಯಲ್ಲಿ ಶಕ್ತಿ ನೂರರಲ್ಲಿ ಒಂದು ಪಾಲಿಗೆ ಇಳಿದರೆ, ಆರೇಳು ಸಲ ಅರ್ಧ ಮಾಡಿದ ಕೆಲಸ ಅಲ್ಲೇ ಮುಗಿಯಿತು. ಇದು ಗುಣಾಕಾರದ ಆಟ. ಆದ್ದರಿಂದ ಸರಾಸರಿ ತೆಗೆಯಬೇಕಾದದ್ದು ಶಕ್ತಿಯದ್ದಲ್ಲ, ಅದರ ಲಾಗ್‌ನದ್ದು. ಹೈಡ್ರೋಜನ್ನಿನಲ್ಲಿ ಸ್ವಾಭಾವಿಕ ಲಾಗ್ ಪ್ರತಿ ಡಿಕ್ಕಿಗೆ ಸರಾಸರಿ 1 ಇಳಿಯುತ್ತದೆ. 8 ಕೋಟಿಯ ಲಾಗ್ 18.2. ಲೆಕ್ಕ ಮುಗಿಯಿತು! ಇದೇ ರೀತಿ ಭಾರಜಲದ ಡ್ಯುಟೇರಿಯಂಗೆ ಸುಮಾರು 25, ಗ್ರಾಫೈಟಿನ ಕಾರ್ಬನ್‌ಗೆ 115. ಹೈಡ್ರೋಜನ್ನೇ ಬೇಗ ನಿಧಾನಗೊಳಿಸಿದರೂ ನಮ್ಮ ಕೈಗಾದ ರಿಯಾಕ್ಟರುಗಳಲ್ಲಿ ಭಾರಜಲ ಬಳಸುತ್ತಾರೆ. ಏಕೆಂದರೆ ಸಾಮಾನ್ಯ ನೀರು ನ್ಯೂಟ್ರಾನುಗಳನ್ನು ಹೆಚ್ಚು ನುಂಗುತ್ತದೆ.

ಆದರೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. 1ರಿಂದ 100ರವರೆಗೆ ಚೀಟಿ ಬರೆದು ಡಬ್ಬಿಗೆ ಹಾಕಿದೆ. ಒಂದು ಚೀಟಿ ಎತ್ತುವುದು, ಅದರಲ್ಲಿ ಇದ್ದಷ್ಟು ಶೇಕಡಾ ಶಕ್ತಿ ಉಳಿಯಿತೆಂದು ಗುಣಿಸುವುದು, ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕುವುದು. ಒಮ್ಮೆ 15ಕ್ಕೇ ಮುಗಿಯಿತು, ಒಮ್ಮೆ 23 ಬೇಕಾಯಿತು. ಹತ್ತು ಸಲ ಆಡಿದ ಮೇಲೆ ಸರಾಸರಿ 18ರ ಹತ್ತಿರವೇ ನಿಂತಿತು. 1940ರ ದಶಕದಲ್ಲಿ ಉಲಾಂ ಮತ್ತು ಫಾನ್ ನಾಯ್ಮನ್ ನ್ಯೂಟ್ರಾನುಗಳ ಲೆಕ್ಕಕ್ಕಾಗಿ ರೂಪಿಸಿದ ಮಾಂಟೆ ಕಾರ್ಲೋ ವಿಧಾನದ ತಿರುಳೂ ಇದೇ ಎಂದು ಆಮೇಲೆ ತಿಳಿಯಿತು.

ಲಾಗ್ ಸೂತ್ರಗಳನ್ನು ನಾನು ಬಾಯಿಪಾಠ ಮಾಡಿದ್ದೆ, ಅಂಕವೂ ಬಂದಿತ್ತು. ಆದರೆ ಅದು ಯಾಕೆ ಬೇಕು ಎಂದು ಗೊತ್ತಾದದ್ದು ಈ ತಪ್ಪಿನಿಂದ. ಆದ್ದರಿಂದ ಗುರುಗಳಲ್ಲಿ ಒಂದು ವಿನಂತಿ: ತಿಂಗಳಿಗೊಂದು ಪೀರಿಯಡ್‌ನಲ್ಲಿ ಗಣಿತ ಮತ್ತು ಭೌತಶಾಸ್ತ್ರವನ್ನು ಒಟ್ಟಿಗೆ ಕೂರಿಸಿ, ಪರೀಕ್ಷೆಗೆ ಬಾರದ ಒಂದು ಪ್ರಶ್ನೆ ಕೊಡಿ. ಗೆಳೆಯರೇ, ಚೀಟಿ ಡಬ್ಬಿ ನನ್ನ ಹತ್ತಿರ ಇದೆ. ಬನ್ನಿ, ನೀವೂ ಎತ್ತಿ ನೋಡಿ.