ಅಮ್ಮ ಜಿಲ್ಲೆ ನೋಡಿ ಬರ್ತಾಳಾ?



ಗೌರಿಬಿದನೂರಿನಲ್ಲಿ 1965ರಿಂದ ಒಂದು ಭೂಕಂಪ ಮಾಪನ ಕೇಂದ್ರ ಇದೆ. ಸಾವಿರಾರು ಮೈಲಿ ಆಚೆ, ಇನ್ನೊಂದು ದೇಶದ ನೆಲದೊಳಗೆ ಅಣುಬಾಂಬು ಸಿಡಿದರೂ ಅದಕ್ಕೆ ಕೇಳಿಸುತ್ತೆ. ಕೇರಿಯಲ್ಲಿ ದಡಾರ ಬಂದ ಮಗುವಿನ ಕೆಮ್ಮು ಮಾತ್ರ ಯಾವ ಸರ್ಕಾರದ ಕಿವಿಗೂ ಬೀಳೋದಿಲ್ಲ.

ಕೇಳಿದರೆ ಏನಂತಾರೆ? 'ನಿಮ್ಮ ಜನಕ್ಕೆ ತಿಳುವಳಿಕೆ ಇಲ್ಲ, ಅಮ್ಮ ಬಂದಿದ್ದಾಳೆ ಅಂತ ಬೇವಿನ ಸೊಪ್ಪು ಕಟ್ಟಿಕೊಂಡು ಕೂರ್ತೀರಿ.'

ಸರಿ ಸ್ವಾಮಿ. ನಾವೂ ಒಂದು ಮಾತು ಕೇಳ್ತೀವಿ. ಅಮ್ಮ ಜಿಲ್ಲೆ ನೋಡಿಕೊಂಡು ಬರ್ತಾಳಾ? 2014ರ ಡಿಸೆಂಬರಿನಲ್ಲಿ ಮಿಷನ್ ಇಂದ್ರಧನುಷ್ ಶುರುವಾದಾಗ, ಲಸಿಕೆ ತಪ್ಪಿದ ಮಕ್ಕಳು ಹೆಚ್ಚಿರುವ 201 ಜಿಲ್ಲೆಗಳನ್ನು ಮೊದಲ ಹಂತಕ್ಕೆ ಆರಿಸಿದರು. ಕರ್ನಾಟಕದವು 6. ಬಳ್ಳಾರಿ, ಕೊಪ್ಪಳ, ರಾಯಚೂರು, ಯಾದಗಿರಿ, ಕಲಬುರಗಿ: ಐದೂ ಆಳುವವರು ಹಿಂದಕ್ಕೆ ತಳ್ಳಿದ ಬಿಸಿಲು ಸೀಮೆ. ಆರನೆಯದು ಬೆಂಗಳೂರು ನಗರ! ದೊಡ್ಡ ದೊಡ್ಡ ಆಸ್ಪತ್ರೆಗಳ ಬೆಂಗಳೂರು. ಆ ಯೋಜನೆ ಹುಡುಕಲು ಹೊರಟದ್ದೇ ಕೊಳೆಗೇರಿ, ಇಟ್ಟಿಗೆ ಗೂಡು, ಕಟ್ಟಡ ಕೆಲಸದ ಜಾಗಗಳನ್ನು. ಅಲ್ಲಿ ಇರೋರು ಯಾರು? ಊರು ಬಿಟ್ಟು ಕೂಲಿಗೆ ಹೋದ ನಮ್ಮವರೇ.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಆ ಪಟ್ಟಿಯಲ್ಲಿ ಇರಲಿಲ್ಲ. ಹಾಗಂತ ನಿದ್ದೆ ಮಾಡೋದಾ? ಸರಾಸರಿ ಅನ್ನೋದು ದೊಡ್ಡ ಮೋಸ. ರಾಜ್ಯದಲ್ಲಿ ಪೂರ್ತಿ ಲಸಿಕೆ ಸಿಕ್ಕ ಮಕ್ಕಳು 2015-16ರಲ್ಲಿ 100ಕ್ಕೆ ಸುಮಾರು 63, 2019-20ರಲ್ಲಿ 84. ಏರಿದ್ದು ಸಂತೋಷ. ಉಳಿದ 16 ಯಾರ ಮಕ್ಕಳು? ದಡಾರ ನಿಲ್ಲಬೇಕಾದರೆ 100ಕ್ಕೆ 95 ಮಕ್ಕಳಿಗೆ ಎರಡು ಸೂಜಿ ಬಿದ್ದಿರಬೇಕು. 95 ಆಯಿತು ಅಂತಲೇ ಇಟ್ಟುಕೊಳ್ಳಿ. ಬಿಟ್ಟುಹೋದ 5 ಒಂದೇ ಕೇರಿಯಲ್ಲಿದ್ದರೆ ಆ ಕೇರಿಗೆ ಕಾವಲೇ ಇಲ್ಲ. ಊರಿನ ಲೆಕ್ಕ ಚೆನ್ನಾಗಿರುತ್ತೆ, ಕೇರಿಯ ಗುಂಡಿ ತೋಡುತ್ತಾ ಇರುತ್ತೆ. ದಡಾರ ಯಾರ ಮಕ್ಕಳಿಗಾದರೂ ಬರುತ್ತೆ. ಹೆಚ್ಚಾಗಿ ಕೊಲ್ಲೋದು ಹೊಟ್ಟೆಗಿಲ್ಲದ ಮಕ್ಕಳನ್ನು.

ಆಗೋದಿಲ್ಲ ಅನ್ನಬೇಡಿ. ಸಿಡುಬನ್ನು ಮನೆ ಮನೆ ಹೊಕ್ಕು ಹುಡುಕಿದರು. 1975ರಲ್ಲಿ ಅದು ಈ ದೇಶ ಬಿಟ್ಟಿತು. ಪೋಲಿಯೋ ಹನಿ ಹಿಡಿದು ಬಸ್ ಸ್ಟ್ಯಾಂಡಿಗೂ ಬಂದರು. 2014ರಲ್ಲಿ ಸರ್ಟಿಫಿಕೇಟು ಸಿಕ್ಕಿತು. ಆಗ ಕೇರಿ ಹೇಗೆ ಕಂಡಿತು? ಕೇರಿ ಬಿಟ್ಟರೆ ರೋಗ ಅಗ್ರಹಾರಕ್ಕೂ ಬರುತ್ತೆ ಅಂತ ಗೊತ್ತಿತ್ತು!

ಅದಕ್ಕೇ ಕೇಳ್ತೀವಿ. ಲಸಿಕೆ ಲೆಕ್ಕವನ್ನು ಕೇರಿವಾರು ಬರೆದು ಪಂಚಾಯ್ತಿ ಗೋಡೆಗೆ ಅಂಟಿಸಿ. ತಾಯಂದಿರು ಕೂಲಿಗೆ ಹೋದ ಹೊತ್ತಿನಲ್ಲಿ ಬಂದು 'ಬಾಗಿಲು ಹಾಕಿತ್ತು' ಅಂತ ಬರೆಯಬೇಡಿ; ಸಂಜೆ ಬನ್ನಿ, ಕೇರಿಯೊಳಕ್ಕೇ ಬನ್ನಿ. ಕೂಲಿ ಹೋದ ಕಡೆ ಮಗುವಿನ ಸೂಜಿಯೂ ಹಿಂದೆ ಹೋಗಲಿ.

ನಮ್ಮ ತಾಯಂದಿರಿಗೂ ಒಂದು ಮಾತು. ಒಂಬತ್ತು ತಿಂಗಳು ತುಂಬಿದಾಗ ಒಂದು, ಹದಿನಾರು ತಿಂಗಳು ದಾಟಿದ ಮೇಲೆ ಇನ್ನೊಂದು. ತಾಯಿ ಕಾರ್ಡು ಜೋಪಾನ. ಬೇವಿನ ಸೊಪ್ಪು ಬೇಕಾದರೆ ಕಟ್ಟಿ. ಸೂಜಿ ಮಾತ್ರ ಹಕ್ಕು ಅಂತ ಕೇಳಿ, ಬೇಡಬೇಡಿ.

ಜೈ ಭೀಮ್!